ಅಳೆದವರೇ ಬರೆಯಬೇಕು

ಆ ಬೆಳಿಗ್ಗೆ ಟೈರಿನ ವಾಲ್ವಿನ ಮೇಲೆ ಇದ್ದದ್ದು ಯಾರ ಕೈ ಎಂದು ನನಗೆ ನೆನಪಿಲ್ಲ. ಹೀಗೆ ನೆನಪಿಲ್ಲ ಎಂದು ಒಪ್ಪಿಕೊಳ್ಳುವುದಕ್ಕೇ ನನಗೆ ಒಂಬತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಬಹಳ ಚೆನ್ನಾಗಿ ನೆನಪಿದೆ ಎಂದುಕೊಂಡೇ ಇದ್ದೆ. ನೆನಪಿನ ತೊಂದರೆ ಇದೇ ನೋಡಿ. ಮರೆತುಹೋದದ್ದು ಮರೆತಿದೆ ಎಂದಾದರೂ ತಿಳಿಯುತ್ತದೆ; ತಿದ್ದಿಕೊಂಡದ್ದು ತಿಳಿಯುವುದೇ ಇಲ್ಲ.

ಕಳೆದ ತಿಂಗಳು ಇಲ್ಲಿ ಜರ್ಮನಿಯಲ್ಲಿ, ಫೊಯರ್‌ಬಾಕ್‌ನ ಪೆಟ್ರೋಲ್ ಬಂಕಿನಲ್ಲಿ ನನ್ನ ಕಾರಿನ ಟೈರಿಗೆ ಗಾಳಿ ಹಾಕುತ್ತಿದ್ದೆ. ಕೊಳವೆ ತೆಗೆಯುವಾಗ ಬೆರಳು ಜಾರಿ, ಒಳಗಿನ ಗಾಳಿ ಬುಸ್ಸೆಂದು ಮುಖಕ್ಕೆ ಹೊಡೆಯಿತು. ಟೈರಿನೊಳಗೆ ಬಹಳ ದಿನ ಕೂತ ಗಾಳಿಗೆ ಒಂದು ವಾಸನೆ ಇರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ರಬ್ಬರು, ತುಕ್ಕು, ಮುಚ್ಚಿಟ್ಟ ಟ್ರಂಕು ಮೂರೂ ಸೇರಿದ ಹಾಗೆ. ನಾನು ಅಲ್ಲೇ ಕುಕ್ಕರಗಾಲಿನಲ್ಲಿ ಸ್ವಲ್ಪ ಹೊತ್ತು ಕೂತೆ. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ನಡುಗಿತು. ಸುಧಾಕರಣ್ಣನ ಮಗಳು ಅನುಷಾಳ ಸಂದೇಶ: "ಅಂಕಲ್, ಪಪ್ಪನ ವೋನ್‌ವಾಗೆನ್ ಟೈರಿಗೆ ಎಷ್ಟು ಬಾರ್ ಹಾಕ್ಬೇಕು?"

ಇಷ್ಟು ಬರೆದ ಮೇಲೆ ಅನುಮಾನ ಬಂದು ಫೋನು ತೆಗೆದು ನೋಡಿದೆ. ಸಂದೇಶ ಬಂದದ್ದು ಅದೇ ಹೊತ್ತಿಗಲ್ಲ, ಹಿಂದಿನ ದಿನ. ಅದನ್ನು ಓದಿದ್ದಕ್ಕೇ ಮರುದಿನ ನಾನು ಬಂಕಿಗೆ ಹೋಗಿದ್ದಿರಬೇಕು. ಒಂದೇ ತಿಂಗಳಲ್ಲಿ ನನ್ನ ತಲೆ ಎರಡನ್ನೂ ಹೊಲಿದು ಒಂದು ಮಾಡಿಬಿಟ್ಟಿದೆ. ಒಂಬತ್ತು ವರ್ಷದಲ್ಲಿ ಇನ್ನೇನೇನು ಹೊಲಿದಿರಬಹುದು, ನೀವೇ ಊಹಿಸಿ.

ಸುಧಾಕರಣ್ಣ ಉಡುಪಿಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಡಿಪ್ಲೊಮಾ ಮುಗಿಸಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಶ್ವೀಬರ್ಡಿಂಗೆನ್‌ಗೆ ಸಮೀಪದ ಒಂದು ಕಾರ್ಖಾನೆಗೆ ಬ್ರೇಕು ಪರೀಕ್ಷೆ ಮಾಡುವ ಕೆಲಸಕ್ಕೆ ಬಂದವರು. ನಾನು ಆಖೆನ್‌ನಲ್ಲಿ ಡಾಕ್ಟರೇಟು ಮುಗಿಸಿ ಅದೇ ಕಟ್ಟಡ ಸೇರಿದೆ. ನನ್ನ ಸಂಶೋಧನೆ ವಸ್ತುಗಳೊಳಗೆ ಶಾಖ ಹೇಗೆ ಹುಟ್ಟುತ್ತದೆ, ಹೇಗೆ ಹರಿಯುತ್ತದೆ ಎಂಬುದರ ಮೇಲೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಯಾಕೆ ಹೇಳಿದೆ ಎಂದು ಮುಂದೆ ನಿಮಗೇ ಗೊತ್ತಾಗುತ್ತದೆ. ನಾನು ಮೇಲಿನ ಮಹಡಿಯಲ್ಲಿ ಕಂಪ್ಯೂಟರಿನ ಮುಂದೆ ಲೆಕ್ಕ ಹಾಕುತ್ತಿದ್ದೆ. ಆ ಲೆಕ್ಕ ಸರಿಯೋ ತಪ್ಪೋ ಎಂದು ಅವರು ಕೆಳಗೆ ಯಂತ್ರದ ಮೇಲೆ ನೋಡುತ್ತಿದ್ದರು. ಹೆಚ್ಚಿನ ಸಲ ತಪ್ಪಿರುತ್ತಿತ್ತು. "ಡಾಕ್ಟ್ರೆ, ನಿಮ್ಮ ಕಂಪ್ಯೂಟರಿಗೆ ಸ್ವಲ್ಪ ಜ್ವರ ಉಂಟು" ಎಂದು ಕೆಳಗಿನಿಂದ ಫೋನು ಮಾಡುತ್ತಿದ್ದರು. ಆ ಕಟ್ಟಡದಲ್ಲಿ ಡಾಕ್ಟರುಗಳಿಗೇನೂ ಬರವಿರಲಿಲ್ಲ, ಆದರೆ ಅವರ ಬಾಯಲ್ಲಿ ಆ ಬಿರುದು ನನಗೊಬ್ಬನಿಗೇ ಸಲ್ಲುತ್ತಿತ್ತು. ಅದರಲ್ಲಿ ಗೌರವ ಎಷ್ಟು, ಕುಚೋದ್ಯ ಎಷ್ಟು ಎಂದು ಬೇರ್ಪಡಿಸಲು ನನ್ನಿಂದ ಕೊನೆಗೂ ಆಗಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಅವರದೊಂದು ಕಟ್ಟುನಿಟ್ಟು. ಅಳೆದವರೇ ಬರೆಯಬೇಕು. ಸೇರಿದ ಹೊಸತರಲ್ಲಿ ಒಮ್ಮೆ ಅವರು ಮೀಟರು ನೋಡಿ ಗಟ್ಟಿಯಾಗಿ ಅಂಕಿ ಹೇಳಿದರು, ನಾನು ಪುಸ್ತಕದಲ್ಲಿ ಬರೆದುಕೊಂಡೆ. ಅವರು ಕೈ ಒರೆಸಿಕೊಂಡು ಬಂದು, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ನಾನು ಬರೆದದ್ದನ್ನು ಹೊಡೆದುಹಾಕಿ, ಅದೇ ಅಂಕಿಯನ್ನು ಪಕ್ಕದಲ್ಲಿ ತಾವೇ ಬರೆದರು.

"ಅದೇ ಅಲ್ವಾ ನಾನು ಬರೆದಿದ್ದು?" ಎಂದೆ.

"ಅದೇ. ಆದ್ರೆ ನೀವು ಕೇಳಿದ್ದು ಡಾಕ್ಟ್ರೆ, ನೋಡಿದ್ದಲ್ಲ. ನಾಳೆ ಎಂತಾದ್ರೂ ಆದ್ರೆ ಕಿವಿಯನ್ನು ಹಿಡಿದು ಕೇಳ್ಲಿಕ್ಕೆ ಆಗ್ತದಾ?"

ಈ ನಿಯಮವನ್ನು ಅವರು ಮನೆಗೂ ಒಯ್ದಿದ್ದರು. ಅನುಷಾಳ ಜ್ವರ ನೋಡಿದವರೇ ಕ್ಯಾಲೆಂಡರಿನಲ್ಲಿ ಬರೆಯಬೇಕು. ವೋನ್‌ವಾಗೆನ್ ಕೊಂಡ ಮೇಲೆ ಅಲ್ಲಿಗೂ ಇದೇ ನಿಯಮ ಬಂತು.

ವೋನ್‌ವಾಗೆನ್ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಮಂಚ, ಒಲೆ, ಸಿಂಕು ಎಲ್ಲ ಇರುತ್ತದೆ. ನಿವೃತ್ತರಾದ ಜರ್ಮನರ ಹತ್ತಿರ ಹೆಚ್ಚಾಗಿ ಕಾಣಿಸುತ್ತದೆ. ನಮ್ಮವರು ಕೊಂಡದ್ದನ್ನು ನಾನು ನೋಡಿದ್ದು ಇದೊಂದೇ. ಸುಧಾಕರಣ್ಣನ ಹೆಂಡತಿ ವಸಂತಕ್ಕನಿಗೆ ಹೋಟೆಲಿನ ಊಟ ಹಿಡಿಸುತ್ತಿರಲಿಲ್ಲ. "ನಿನ್ನ ಅಡುಗೆಮನೆಯನ್ನೇ ಎಳ್ಕೊಂಡು ಹೋಗುವ, ಆಯ್ತಲ್ಲ?" ಎಂದು ಹಳೆಯದೊಂದನ್ನು ತಂದರು. ಅದರೊಳಗೆ ಕುಚ್ಚಲಕ್ಕಿಯ ಡಬ್ಬಿ, ಕುಕ್ಕರು, ಒಂದು ಸಣ್ಣ ಮಿಕ್ಸಿ. ಕ್ಯಾಂಪಿಂಗ್ ಜಾಗದಲ್ಲಿ ಕುಕ್ಕರು ಸೀಟಿ ಹಾಕಿದರೆ ಪಕ್ಕದ ಟೆಂಟಿನವರು ಎದ್ದು ನಿಲ್ಲುತ್ತಿದ್ದರು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲ ಒಳಬದಿಯಲ್ಲಿ ಸುಧಾಕರಣ್ಣ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಪ್ರತಿ ಪ್ರಯಾಣಕ್ಕೂ ಒಂದು ಸಾಲು. ಎಲ್ಲಿಗೆ, ಯಾವ ತಿಂಗಳು, ಟೈರಿಗೆ ಎಷ್ಟು ಗಾಳಿ, ಅಂದರೆ ಎಷ್ಟು ಬಾರ್ ಒತ್ತಡ.

"ಇಡೀ ಮನೆ ಎರಡು ಚಕ್ರದ ಮೇಲೆ ನಿಂತದ್ದು ಮಾರಾಯ್ರೆ" ಎನ್ನುತ್ತಿದ್ದರು. "ಕಾರಿಗೆ ಹಾಕಿದ ಹಾಗೆ ಹಾಕಿದ್ರೆ ಆಗ್ಲಿಕ್ಕಿಲ್ಲ. ಇದಕ್ಕೆ ಗಟ್ಟಿ ಬೇಕು."

ಅಂಕಿಗಳ ಮಾತು ಬಂದದ್ದರಿಂದ ನನ್ನದೊಂದು ಚಾಳಿಯನ್ನೂ ಹೇಳಿಬಿಡುತ್ತೇನೆ. ಆಖೆನ್‌ನಲ್ಲಿ ನಾವು ಐದು ಜನ ಒಂದು ಫ್ಲಾಟಿನಲ್ಲಿದ್ದೆವು. ಸೈಕಲ್ಲಿನ ಬೀಗದ ಸಂಖ್ಯೆ ನನಗೆ ನೆನಪುಳಿಯುತ್ತಿರಲಿಲ್ಲ. ಅದನ್ನು ಮೇಜಿನ ಮೇಲಿನ ಗೋಡೆಗೆ ದೊಡ್ಡದಾಗಿ, ಎಲ್ಲರಿಗೂ ಕಾಣುವ ಹಾಗೆ, ಕನ್ನಡ ಅಂಕಿಯಲ್ಲಿ ಬರೆದಿಟ್ಟಿದ್ದೆ. ಉಳಿದ ನಾಲ್ವರಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಆ ಗುಟ್ಟಿನ ಖುಷಿ ಹಾಗೇ ಉಳಿದುಕೊಂಡಿತು. ಪೆನ್ಸಿಲು ಕೈಗೆ ಸಿಕ್ಕರೆ ನನ್ನ ಸಣ್ಣಪುಟ್ಟ ಟಿಪ್ಪಣಿಗಳೆಲ್ಲ ಇವತ್ತಿಗೂ ಕನ್ನಡ ಅಂಕಿಯಲ್ಲೇ.

ಈಗ ಆ ಬೆಳಿಗ್ಗೆಗೆ ಬರುತ್ತೇನೆ. ಸುತ್ತಿ ಬಳಸಿ ಬಂದೆ ಎಂದು ನಿಮಗೂ ಅನ್ನಿಸಿರಬೇಕು.

ಜುಲೈ ತಿಂಗಳು, ತಡೆಯಲಾರದ ಸೆಕೆ. ಸುಧಾಕರಣ್ಣ, ವಸಂತಕ್ಕ, ಶಾಲೆ ಕಲಿಯುತ್ತಿದ್ದ ಅನುಷಾ, ಜೊತೆಗೆ ಮದುವೆಯಿಲ್ಲದ, ಮನೆಯಲ್ಲಿ ಕೂತು ಮಾಡುವುದೇನೂ ಇಲ್ಲದ ನಾನು. ಉತ್ತರದ ಸಮುದ್ರಕ್ಕೆ ಹೊರಟಿದ್ದೆವು. ವಸಂತಕ್ಕ ಊರು ಬಿಟ್ಟ ಮೇಲೆ ಸಮುದ್ರ ನೋಡಿರಲಿಲ್ಲ. ಒಂದು ಗಂಟೆ ಹಾದಿ ಸಾಗಿದ ಮೇಲೆ ಪೆಟ್ರೋಲಿಗೆ ನಿಂತೆವು. ಹೊರಡುವಾಗ ಅವಸರದಲ್ಲಿ ವೋನ್‌ವಾಗೆನ್ನಿನ ಗಾಳಿ ನೋಡಿರಲಿಲ್ಲ, ಅಲ್ಲಿ ನೋಡಿದೆವು. ಮೀಟರು ಮೂರು ಪಾಯಿಂಟ್ ಒಂಬತ್ತು ತೋರಿಸಿತು.

"ಜಾಸ್ತಿ ಇದೆ ಸುಧಾಕರಣ್ಣ" ಎಂದೆ.

"ಬಿಸಿ ಟೈರು. ಓಡಿ ಬಂದದ್ದಲ್ವಾ, ಹೆಚ್ಚು ತೋರಿಸ್ತದೆ. ಬಿಡಿ."

"ಈ ಬಿಸಿಲಲ್ಲಿ ಇನ್ನೂ ಉಬ್ಬಿದ್ರೆ? ಸ್ವಲ್ಪ ಇಳಿಸಿಬಿಡೋಣ."

ಇದು ನನ್ನ ಸಂಶೋಧನೆಯಿಂದ ಬಂದ ಮಾತಲ್ಲ, ದಾವಣಗೆರೆಯಿಂದ ಬಂದದ್ದು. ನಮ್ಮ ಬೀದಿಯ ತುದಿಯ ಪಂಕ್ಚರ್ ಅಂಗಡಿಯಲ್ಲಿ ಕರೀಂ ಸಾಬರು ಪ್ರತಿ ಏಪ್ರಿಲ್‌ನಲ್ಲೂ ಅಪ್ಪನ ಸ್ಕೂಟರಿಗೆ ಸ್ವಲ್ಪ ಕಡಿಮೆ ಗಾಳಿ ಹಾಕುತ್ತಿದ್ದರು. "ಬ್ಯಾಸಗಿ ಐತಿ ಸಾರ್. ಬಿಸಿಗೆ ಗಾಳಿ ಉಬ್ಬಿ ಟೈರು ಹೊಡೀತತಿ." ಅಪ್ಪ ತಲೆಯಾಡಿಸುತ್ತಿದ್ದರು. ನಾನೂ ಆಡಿಸಿದ್ದೆ. ಬಿಸಿಗೆ ಗಾಳಿ ಉಬ್ಬುತ್ತದೆ ಎಂಬುದು ನಿಜವಾದ್ದರಿಂದ ಉಳಿದರ್ಧವೂ ನಿಜ ಎನಿಸುತ್ತಿತ್ತು. ಆದರೆ ಟೈರನ್ನು ಸಾಮಾನ್ಯವಾಗಿ ಕೊಲ್ಲುವುದು ಗಾಳಿಯ ಕೊರತೆ. ಗಾಳಿ ಕಡಿಮೆಯಾದರೆ ಭಾರಕ್ಕೆ ಟೈರಿನ ಪಕ್ಕೆ ಕುಸಿಯುತ್ತದೆ. ಒಂದೊಂದು ಸುತ್ತಿಗೂ ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಒಳಗೇ ಕಾಯುತ್ತದೆ. ಕಾದು ಕಾದು ಪದರ ಬಿಡುತ್ತದೆ. ವಸ್ತುವಿನೊಳಗೆ ಶಾಖ ಹೇಗೆ ಹುಟ್ಟುತ್ತದೆ ಎಂದು ಇನ್ನೂರು ಪುಟ ಬರೆದ ನನಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದವನು ಆಖೆನ್‌ನ ಡಾಕ್ಟರಲ್ಲ, ಅಪ್ಪನ ಸ್ಕೂಟರಿನ ಹಿಂದೆ ನಿಂತ ಹುಡುಗ.

ಇದಾದ ಮೇಲಿನದನ್ನು ನಾನು ಒಂಬತ್ತು ವರ್ಷ ಹೀಗೆ ನೆನಪಿಟ್ಟುಕೊಂಡಿದ್ದೆ. ಸುಧಾಕರಣ್ಣ ಸ್ವಲ್ಪ ಯೋಚಿಸಿದರು. ಕಾರಿನ ಬಾಗಿಲಿನ ಪಟ್ಟಿಯ ಮೇಲೆ, ಕಾರಿನ ಚಕ್ರಕ್ಕೆಂದು ಬರೆದಿದ್ದ ಎರಡು ಪಾಯಿಂಟ್ ಆರನ್ನು ನಾನು ಓದಿ ಹೇಳಿದೆ. ಅವರು ಬಗ್ಗಿ ಗಾಳಿ ಇಳಿಸಿದರು. ನಾನು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ನೋಡಿ, ಬಾಟಲಿಯ ಮುಚ್ಚಳ ನೀಲಿ ಎಂಬುದು ಕೂಡ ಕಣ್ಣಿಗೆ ಕಟ್ಟಿದ ಹಾಗಿದೆ. ಸಲಹೆ ನನ್ನದು, ಕೈ ಅವರದು. ಸಲಹೆ ಕೊಡುವುದು ತಪ್ಪಲ್ಲವಲ್ಲ.

ಆಟೋಬಾನ್ ಹೆದ್ದಾರಿ ಸೇರಿ ಮುಕ್ಕಾಲು ಗಂಟೆಯಾಗಿತ್ತು. ಬಲಗಡೆಯ ಟೈರು ಸಿಡಿಯಿತು. ಹಿಂದಿನ ಮನೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತೂಗಿತು. ಮೂರನೆಯ ಸಲ ಕಾರನ್ನೇ ಹಿಡಿದು ತಿರುಗಿಸಿತು. ಕಾರು ಓಡಿಸುತ್ತಿದ್ದ ಸುಧಾಕರಣ್ಣನ ಬದಿ ಹೋಗಿ ಕಬ್ಬಿಣದ ತಡೆಗೆ ಬಡಿಯಿತು. ಉಳಿದ ಮೂವರಿಗೆ ಗೀರುಗಾಯ. ಸುಧಾಕರಣ್ಣನ ಎಡಮೊಣಕಾಲು ನುಜ್ಜಾಯಿತು. ರಸ್ತೆಯ ಮೇಲೆಲ್ಲ ಕುಚ್ಚಲಕ್ಕಿ ಚೆಲ್ಲಿತ್ತು.

ಪೊಲೀಸಿನವನು ಸಿಡಿಯದೆ ಉಳಿದ ಟೈರಿಗೆ ಮೀಟರು ಹಿಡಿದು ನೋಡಿ, ಗಾಳಿ ನೋಡಿದ್ದು ಯಾರು ಎಂದು ಕೇಳಿದ. ಸ್ಟ್ರೆಚರಿನ ಮೇಲಿದ್ದ ಸುಧಾಕರಣ್ಣ "ನಾನು" ಎಂದರು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ನನ್ನ ನೆನಪಿನ ಕಟ್ಟಡವೆಲ್ಲ ನಿಂತದ್ದೇ ಆ ಒಂದು ಮಾತಿನ ಮೇಲೆ. ಆಸ್ಪತ್ರೆಯಲ್ಲಿ ಒಮ್ಮೆ ನಾನು ಆ ವಿಷಯ ಎತ್ತಲು ಹೋದಾಗಲೂ ಅವರು ಮುಂದುವರಿಸಲು ಬಿಡಲಿಲ್ಲ. "ಬಿಡಿ ಡಾಕ್ಟ್ರೆ. ಗಾಡಿ ನನ್ನದು, ಸ್ಟೇರಿಂಗ್ ನನ್ನ ಕೈಯಲ್ಲಿತ್ತು" ಎಂದರು. ನಾನು ಬಿಟ್ಟೆ. ಬಿಡಿ ಎಂದವರ ಮಾತನ್ನು ಅಷ್ಟು ಬೇಗ ಕೇಳಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಆಮೇಲೆ ಅವರಿಗೆ ಯಂತ್ರದ ಮುಂದೆ ನಿಲ್ಲಲಾಗಲಿಲ್ಲ. ಕಡತಗಳ ಕೋಣೆಗೆ ಹಾಕಿದರು. ಬೇರೆಯವರು ಅಳೆದದ್ದನ್ನು ಜೋಡಿಸಿಡುವ ಕೆಲಸ. ರಜೆಯ ದಿನಗಳಲ್ಲಿ ಕುಂಟುತ್ತ ಹೋಗಿ, ಗುಡ್ಡದ ಮೇಲಿನ ಕ್ಯಾಂಪಿಂಗ್ ಜಾಗದಲ್ಲಿ ನಿಲ್ಲಿಸಿದ್ದ ವೋನ್‌ವಾಗೆನ್ನಿನ ಹರಿದ ಪಕ್ಕವನ್ನು ತಾವೇ ರಿಪೇರಿ ಮಾಡುತ್ತಿದ್ದರು. ಆದರೆ ಅದನ್ನು ಮತ್ತೆ ರಸ್ತೆಗಿಳಿಸಲಿಲ್ಲ. ಮನೆಗೆ ಯಾರಾದರೂ ಊಟಕ್ಕೆ ಬಂದರೆ ವಸಂತಕ್ಕ ಬಡಿಸುತ್ತ ಹೇಳುತ್ತಿದ್ದರು: "ಇಪ್ಪತ್ತು ವರ್ಷ ಬ್ರೇಕ್ ಟೆಸ್ಟ್ ಮಾಡಿದವರು ಇವರು. ಒಂದು ಟೈರಿಗೆ ಗಾಳಿ ನೋಡ್ಲಿಕ್ಕೆ ಗೊತ್ತಾಗ್ಲಿಲ್ಲ!" ಎಲ್ಲರೂ ನಗುತ್ತಿದ್ದರು. ಸುಧಾಕರಣ್ಣನೂ ನಗುತ್ತಿದ್ದರು. ನಾನು ಸಾರಿಗೆ ಕೈ ಚಾಚುತ್ತಿದ್ದೆ. ವರ್ಷ ಕಳೆದ ಹಾಗೆ ಆ ಮಾತಿನಲ್ಲಿ ನಗು ಕಡಿಮೆಯಾಗುತ್ತ ಬಂತು, ನಾನು ಹೋಗುವುದೂ ಕಡಿಮೆಯಾಯಿತು. ಐದು ವರ್ಷದ ಹಿಂದೆ ಸುಧಾಕರಣ್ಣ ಹೃದಯಾಘಾತದಿಂದ ಹೋದರು. ಮೊಣಕಾಲಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರರು, ನಿಜವಾದ ಡಾಕ್ಟರರು, ಹೇಳಿದರು. ಅಂತ್ಯಕ್ರಿಯೆಯ ದಿನ ಕೂಡ ವಸಂತಕ್ಕ ಯಾರಿಗೋ "ಆ ದಿನ ಸ್ವಲ್ಪ ನೋಡಿ ಗಾಳಿ ಹಾಕಿದ್ರೆ..." ಎನ್ನುತ್ತಿದ್ದದ್ದು ಕೇಳಿಸಿತು.

ಅನುಷಾಳ ಸಂದೇಶಕ್ಕೆ ಉತ್ತರವಾಗಿ ಒಂದು ಅಂಕಿ ಬರೆದು ಕಳಿಸಿದ್ದರೆ ಸಾಕಿತ್ತು. ಆಗಲಿಲ್ಲ. "ನಾನೇ ಬರ್ತೀನಿ" ಎಂದು ಬರೆದೆ. ಶನಿವಾರ ಹೋದೆ.

ಗುಡ್ಡದ ಮೇಲೆ ತಣ್ಣನೆ ಗಾಳಿ. ಅನುಷಾ ಈಗ ಇಪ್ಪತ್ತಮೂರರ ಹೆಣ್ಣುಮಗಳು. ವೋನ್‌ವಾಗೆನ್ನಿಗೆ ಹೊಸ ಟೈರು ಹಾಕಿಸಿ, ತಪಾಸಣೆ ಮಾಡಿಸಿ, ಸರ್ಕಾರಿ ಮುದ್ರೆಯನ್ನೂ ಪಡೆದಿದ್ದಳು. ಅಪ್ಪ ರಿಪೇರಿ ಮಾಡಿದ ಗಾಡಿಯಲ್ಲೇ ಅಮ್ಮನನ್ನು ಸಮುದ್ರಕ್ಕೆ ಕರೆದೊಯ್ಯಬೇಕು ಎಂಬುದು ಅವಳ ಹಠ. ವಸಂತಕ್ಕ ಸ್ವಲ್ಪ ದೂರದಲ್ಲಿ, ಮಡಿಸುವ ಕುರ್ಚಿಯ ಮೇಲೆ ಕೋಟು ಬಿಗಿದುಕೊಂಡು ಕೂತಿದ್ದರು.

"ಈ ಗಾಡಿಯ ಜೊತೆ ನಾನು ಹೊರಡುವುದಿಲ್ಲ ಅಂತ ಹೇಳಿದ್ದೇನೆ" ಎಂದರು ನನ್ನನ್ನು ನೋಡುತ್ತಲೇ. "ಅವಳಿಗೆ ನೀವಾದ್ರೂ ಹೇಳಿ ಡಾಕ್ಟ್ರೆ. ಅಪ್ಪನ ಹಾಗೇ. ಯಾರ ಮಾತೂ ಕೇಳುವ ಜಾತಿ ಅಲ್ಲ."

"ಮಾಮಾ, ಬಿಟ್ಟೆ! ಪ್ಲೀಸ್!" ಎಂದಳು ಅನುಷಾ, ಅಮ್ಮನನ್ನು ಜರ್ಮನಿನಲ್ಲಿ ಬೇಡಿಕೊಂಡು. ಆಮೇಲೆ ನನ್ನ ಕಡೆ ತಿರುಗಿ ಮೀಟರು ಚಾಚಿದಳು. "ಅಂಕಲ್, ಟೈರಿನ ಕಂಪನಿಯವರಿಗೂ ಫೋನ್ ಮಾಡಿ ಕೇಳ್ದೆ. ಈ ಗಾಡಿಯ ಭಾರಕ್ಕೆ ತ್ರೀ ಪಾಯಿಂಟ್ ಫೋರ್ ಅಂದ್ರು, ಟೈರ್ ತಣ್ಣಗಿರುವಾಗ. ನೀವೊಮ್ಮೆ ಚೆಕ್ ಮಾಡಿ."

ನಾನು ಬಗ್ಗಿ ಅಳೆದೆ. ಎರಡೂ ಚಕ್ರ, ಎರಡೆರಡು ಸಲ. ಮೂರು ಪಾಯಿಂಟ್ ನಾಲ್ಕು.

"ಕರೆಕ್ಟ್ ಇದೆ, ಬರ್ಕೋ" ಎಂದೆ.

"ನಾನಲ್ಲ, ನೀವು. ಪಪ್ಪನ ರೂಲ್ ಮರೆತ್ರಾ?" ಎಂದು ನಗುತ್ತ ಪೆನ್ಸಿಲು ಕೊಟ್ಟಳು. "ಸಿಂಕಿನ ಕೆಳಗೆ. ಅಲ್ಲಿ ಲಾಸ್ಟ್ ಲೈನ್ ಏನು ಅಂತ ನನಗೆ ಓದಕ್ಕೆ ಬರಲ್ಲ. ಅದು ಕನ್ನಡ ನಂಬರ್ಸಾ?"

ಒಳಗೆ ಹೋಗಿ ಮೊಣಕಾಲೂರಿ ಕಪಾಟಿನ ಬಾಗಿಲು ತೆರೆದೆ. ಹನ್ನೊಂದು ಸಾಲು ಸುಧಾಕರಣ್ಣನ ಕೈಬರಹ. ಜರ್ಮನರ ಹಾಗೆ ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಹಾಕಿ, 3,4. ಏಪ್ರಿಲ್‌ನಲ್ಲೂ 3,4, ಆಗಸ್ಟ್‌ನ ಉರಿಯಲ್ಲೂ 3,4. ಅವರಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಹನ್ನೆರಡನೆಯ ಸಾಲಿನಲ್ಲಿ ಸಮುದ್ರ ಎಂದು ಬರೆದು, ಜುಲೈ ಎಂದು ಬರೆದು, ಮುಂದೆ ಕನ್ನಡ ಅಂಕಿಯಲ್ಲಿ ೨.೬.

ನೀರಿನ ಬಾಟಲಿ, ನೀಲಿ ಮುಚ್ಚಳ, ಪಕ್ಕದಲ್ಲಿ ನಿಂತ ನಾನು, ಯಾವುದೂ ಆ ಸಾಲಿನ ಮುಂದೆ ನಿಲ್ಲಲಿಲ್ಲ. ಅಳೆದವರೇ ಬರೆಯಬೇಕು. ಹಾಗಾದರೆ ಬಾಟಲಿ ಹಿಡಿದು ನಿಂತವರು ಬೇರೆ ಯಾರೋ.

ಆದರೂ ನನ್ನೊಳಗಿನ ಸಂಶಯಗಾರ ಸುಮ್ಮನಿರಲಿಲ್ಲ. ಸುಧಾಕರಣ್ಣ ಉಡುಪಿಯಲ್ಲಿ ಕನ್ನಡ ಶಾಲೆಯಲ್ಲೇ ಓದಿದವರು, ಅವರಿಗೂ ಈ ಅಂಕಿಗಳು ಬರುತ್ತಿದ್ದವು ಎಂದ. ಅಂದು ತಮಾಷೆಗೆ ಅವರೇ ಹಾಗೆ ಬರೆದಿರಬಹುದು ಎಂದ. ಮೊದಲು ಖಚಿತಪಡಿಸಿಕೋ, ಆಮೇಲೆ ಬಾಯಿ ಬಿಡು ಎಂದ. ಇಷ್ಟು ವರ್ಷ ನಾನು ನಡೆದುಕೊಂಡದ್ದೂ ಹಾಗೆಯೇ. ಹೊರಗೆ ವಸಂತಕ್ಕನ ಕುರ್ಚಿ ಕಿರುಗುಟ್ಟಿತು. ನಾನು ಎದ್ದು ಬಾಗಿಲಿಗೆ ಬಂದೆ. ಖಚಿತಪಡಿಸಿಕೊಳ್ಳದೆ ಜೀವನದಲ್ಲಿ ನಾನಾಡಿದ ಮಾತುಗಳು ಕಡಿಮೆ. ಅದರಲ್ಲಿ ಇದೊಂದು.

"ಅಕ್ಕಾ, ಅವತ್ತು ಗಾಳಿ ಇಳಿಸಿದ್ದು ಸುಧಾಕರಣ್ಣ ಅಲ್ಲ. ನಾನು. ಅವರು ಬೇಡ ಅಂದಿದ್ದರು."

ಅನುಷಾ ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ವಸಂತಕ್ಕ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ.

"ಬೇಡ ಅಂದದ್ದು ನನಗೂ ಕೇಳಿಸಿತ್ತು" ಎಂದರು ಕೊನೆಗೆ. ದನಿ ಬಹಳ ಸಣ್ಣದಾಗಿತ್ತು. "ನಾನು ಕಾರಿನೊಳಗಿಂದ ಎಂತ ಹೇಳಿದೆ, ನಿಮಗೆ ನೆನಪಿಲ್ವಾ? 'ಒಮ್ಮೆಯಾದ್ರೂ ಡಾಕ್ಟ್ರು ಹೇಳಿದ್ದು ಕೇಳಿ, ಎಲ್ಲ ನಿಮಗೇ ಗೊತ್ತುಂಟಾ' ಅಂದೆ. ಅಷ್ಟು ಹೇಳಿದ ಮೇಲೆ ಅವರು ಮೀಟರು ನಿಮ್ಮ ಕೈಗೆ ಕೊಟ್ಟು ಆಚೆ ಹೋದರು. ಇಷ್ಟು ವರ್ಷ ಅದನ್ನು ನೆನಪಿಗೆ ಬರ್ಲಿಕ್ಕೆ ನಾನೇ ಬಿಡ್ಲಿಲ್ಲ."

ನನಗೆ ನೆನಪಿರಲಿಲ್ಲ. ಒಂದಕ್ಷರವೂ ನೆನಪಿರಲಿಲ್ಲ.

"ಅವರು ನನ್ನ ಹತ್ರ ಒಂದು ಸಲ ಹೇಳ್ಬಹುದಿತ್ತಲ್ಲ, 'ನೀನೇ ಅಂದದ್ದು' ಅಂತ" ಎಂದರು ವಸಂತಕ್ಕ. "ಎಷ್ಟು ಸಲ ಎಲ್ಲರೆದುರು ಹಂಗಿಸಿದೆ. ಬಡಿಸ್ತಾ ಬಡಿಸ್ತಾ ಹಂಗಿಸಿದೆ. ಒಂದು ಸಲ ಹೇಳ್ಬಹುದಿತ್ತು." ಅವರು ಅತ್ತರೋ ಇಲ್ಲವೋ ನಾನು ನೋಡಲಿಲ್ಲ, ನೋಡದ್ದನ್ನು ಬರೆಯುವುದಿಲ್ಲ. ಅನುಷಾ ಹೋಗಿ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ವಸಂತಕ್ಕ ಎದ್ದು, ನನ್ನನ್ನು ದಾಟಿ ವೋನ್‌ವಾಗೆನ್ನಿನ ಮೆಟ್ಟಿಲು ಹತ್ತಿದರು. ಕಪಾಟಿನ ಮುಂದೆ ಬಗ್ಗಿ ಆ ಹನ್ನೊಂದು ಸಾಲುಗಳ ಮೇಲೆ ಬೆರಳಾಡಿಸಿದರು. ನಂತರ, "ಬರೀರಿ. ಅಳೆದದ್ದು ನೀವಲ್ವಾ" ಎಂದರು.

ಬರೆದೆ. 3,4 ಎಂದೇ ಬರೆದೆ, ಅನುಷಾಳಿಗೂ ಓದಲು ಬರಲಿ ಎಂದು. ಕೆಳಗೆ ನನ್ನ ಹೆಸರು ಹಾಕಿದೆ.

ಅವರು ಮುಂದಿನ ವಾರ ಹೊರಡುತ್ತಾರೆ, ಅಮ್ಮ ಮಗಳು ಇಬ್ಬರೂ.

ಮನೆಗೆ ಬಂದು ಹಳೆಯ ಪೆಟ್ಟಿಗೆ ತೆಗೆದೆ. ಆಖೆನ್‌ನ ದಿನಗಳ ನೋಟ್‌ಬುಕ್ಕುಗಳಿದ್ದವು, ಅಂಚುಗಳಲ್ಲೆಲ್ಲ ನನ್ನ ಕನ್ನಡ ಅಂಕಿಗಳು. ಹೊರಡುವ ಮೊದಲು ಫೋನಿನಲ್ಲಿ ತೆಗೆದುಕೊಂಡಿದ್ದ ಕಪಾಟಿನ ಬಾಗಿಲಿನ ಫೋಟೋವನ್ನು ಪಕ್ಕದಲ್ಲಿಟ್ಟು ನೋಡಿದೆ. ನಾನು ಆರು ಬರೆಯುವಾಗ ಬಾಲವನ್ನು ಗೆರೆಯ ಕೆಳಗಿನವರೆಗೆ ಎಳೆದು ಒಳಕ್ಕೆ ಕೊಂಡಿ ಹಾಕುತ್ತೇನೆ. ಶಾಲೆಯ ಮೇಷ್ಟ್ರು ಅದಕ್ಕೆಂದೇ ಹೊಡೆಯುತ್ತಿದ್ದರು. ನೋಟ್‌ಬುಕ್ಕಿನ ಪ್ರತಿ ಆರಕ್ಕೂ ಆ ಕೊಂಡಿ ಇದೆ. ಬಾಗಿಲಿನ ಮೇಲಿನ ಆರಕ್ಕೂ ಇದೆ.